ಲೆಕ್ಕವಿಡುವ ಬಗೆ: ಲಿಬ್ರೆಆಫೀಸಿನ ‘ಬೇಸ್’ ಮತ್ತು ಅದರ ಯಂತ್ರಗಳು

ನೆನಪನ್ನು ಪೂರ್ತಿಯಾಗಿ ನಂಬಲಾರದೆ ಮನುಷ್ಯನು ಲೆಕ್ಕವಿಡುವುದನ್ನು ಕಲಿತನು. ನನ್ನ ತಾಯಿಗೆ ಓದುಬರಹ ಬಾರದು. ಆದರೂ ಅವಳು ಹಾಲಿನ ಲೆಕ್ಕವನ್ನು ಅಡಿಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಡುತ್ತಾಳೆ. ಒಂದು ಮನೆಗೆ ಒಂದು ಸಾಲು, ಅರ್ಧ ಲೀಟರಿಗೆ ಒಂದು ಗೆರೆ. ತಿಂಗಳ ಕೊನೆಯಲ್ಲಿ ಅವಳ ಲೆಕ್ಕ ತಪ್ಪಿದುದನ್ನು ನಾನು ಕಂಡಿಲ್ಲ. ನಮ್ಮ ಮನೆತನದಲ್ಲಿ ಮೊದಲಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಾನು ಗಣಕಯಂತ್ರದಲ್ಲಿ ಇಟ್ಟ ಲೆಕ್ಕ ಮಾತ್ರ ತಪ್ಪಿತು. ಆ ತಪ್ಪಿನಿಂದ ಕಲಿತುದನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಕಳೆದ ವರ್ಷ ನಮ್ಮ ವಿಭಾಗದ ಚಿಕ್ಕ ಪುಸ್ತಕ ಭಂಡಾರದ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸವನ್ನು ಗುರುಗಳು ನನಗೆ ಒಪ್ಪಿಸಿದರು. ಪುಸ್ತಕಗಳು ಸುಮಾರು ನಾನೂರು. ಲಿಬ್ರೆಆಫೀಸಿನ ‘ಕ್ಯಾಲ್ಕ್’ ಎಂಬ ಲೆಕ್ಕದ ಹಾಳೆಯಲ್ಲಿ ಪುಸ್ತಕದ ಹೆಸರು, ಲೇಖಕರು, ಬೆಲೆ, ಒಯ್ದವರ ಹೆಸರು ಎಲ್ಲವನ್ನೂ ತುಂಬಿದೆನು. ಒಂದು ದಿನ ಒಯ್ದವರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಆ ಒಂದು ಕಂಬವನ್ನು ಮಾತ್ರ ಆರಿಸಿ ಆಜ್ಞೆ ಕೊಟ್ಟೆನು. ಪಕ್ಕದ ಕಂಬಗಳನ್ನೂ ಸೇರಿಸಬೇಕೆ ಎಂದು ಯಂತ್ರವು ಕೇಳಿತು. ಅರ್ಥವಾಗದೆ ‘ಬೇಡ’ ಎಂದೆನು. ಹೆಸರುಗಳು ಅಚ್ಚುಕಟ್ಟಾಗಿ ಸಾಲುಗೊಂಡವು. ಆದರೆ ಪುಸ್ತಕಗಳು ಇದ್ದಲ್ಲಿಯೇ ಇದ್ದವು. ಯಾರೋ ಒಯ್ದ ಪುಸ್ತಕ ಇನ್ನಾರದೋ ತಲೆಗೆ ಬಂದಿತು. ನಾನದನ್ನು ಗಮನಿಸಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳಿಗೆ ಬಾಕಿಯಿಲ್ಲವೆಂಬ ಪತ್ರ ಸಿಗಲಿಲ್ಲ. ನಾನೂರೈವತ್ತು ರೂಪಾಯಿಯ ನಿಘಂಟೊಂದು ಅವಳ ಹೆಸರಿನಲ್ಲಿತ್ತು. “ಅಣ್ಣಾ, ಆ ಪುಸ್ತಕವನ್ನು ನಾನು ಕಣ್ಣಿಂದ ಸಹ ನೋಡಿಲ್ಲ” ಎಂದಳು. ಪಟ್ಟಿಯಲ್ಲಿದೆಯಲ್ಲ ಎಂದು ನಾನು ಗಟ್ಟಿಯಾಗಿ ಹೇಳಿದೆನು. ಅವಳ ತಾಯಿ ಒಂದು ದಿನದ ಕೂಲಿ ಬಿಟ್ಟು ಕಾಲೇಜಿಗೆ ಬಂದು, ಸೆರಗಿನ ಗಂಟು ಬಿಚ್ಚಿ ಹಣ ಎಣಿಸಿದರು. ಮೂರು ದಿನಗಳ ಮೇಲೆ ಆ ನಿಘಂಟು ಬೇರೊಬ್ಬನ ಕೋಣೆಯಲ್ಲಿ ಸಿಕ್ಕಿತು.

ತಪ್ಪು ನನ್ನದೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅಂಥ ತಪ್ಪಿಗೆ ಅವಕಾಶ ಕೊಡದ ಲೆಕ್ಕದ ಕ್ರಮವೂ ಉಂಟೇ ಎಂದು ಹುಡುಕತೊಡಗಿದೆನು. ಅದೇ ದತ್ತಸಂಚಯ, ಅಂದರೆ ಡೇಟಾಬೇಸ್.

ಲೆಕ್ಕದ ಹಾಳೆಯಲ್ಲಿ ಪ್ರತಿಯೊಂದು ಚೌಕವೂ ಸ್ವತಂತ್ರ. ಒಂದು ಚೌಕಕ್ಕೆ ನೆರೆಯ ಚೌಕದ ಹಂಗಿಲ್ಲ. ದತ್ತಸಂಚಯದಲ್ಲಾದರೋ ಒಂದು ಸಾಲು ಒಂದು ಅಖಂಡ ದಾಖಲೆ. ಅದರ ಒಂದು ಭಾಗವನ್ನು ಕಿತ್ತು ಬೇರೆ ಸಾಲಿಗೆ ಜಾರಿಸಲು ಬರುವುದಿಲ್ಲ. ಜೋಡಣೆ ಮಾಡಿದರೆ ಇಡೀ ಸಾಲು ಚಲಿಸುತ್ತದೆ. ಈ ವ್ಯವಸ್ಥೆಗೆ ಗಣಿತದ ತಳಹದಿಯನ್ನು ಹಾಕಿದವರು ಐಬಿಎಂ ಸಂಸ್ಥೆಯಲ್ಲಿದ್ದ ಇ. ಎಫ್. ಕಾಡ್ ಎಂಬುವರು, ಅವರ ಪ್ರಸಿದ್ಧ ಲೇಖನ 1970ರಲ್ಲಿ ಪ್ರಕಟವಾಯಿತು. ಮಾಹಿತಿಯನ್ನೆಲ್ಲ ಕೋಷ್ಟಕಗಳಲ್ಲಿ ಇಡಬೇಕು, ಕೋಷ್ಟಕಗಳ ನಡುವೆ ಸಂಬಂಧ ಕಲ್ಪಿಸಬೇಕು ಎಂಬುದು ಅವರ ಮತದ ಸಾರ.

ನಮ್ಮ ಭಂಡಾರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಲ್ಲಿ ಮೂರು ಕೋಷ್ಟಕಗಳು ಬೇಕು: ಪುಸ್ತಕಗಳದೊಂದು, ವಿದ್ಯಾರ್ಥಿಗಳದೊಂದು, ಎರವಲಿನದೊಂದು. ಪ್ರತಿ ಪುಸ್ತಕಕ್ಕೂ ಪ್ರತಿ ವಿದ್ಯಾರ್ಥಿಗೂ ಮತ್ತೆ ಬಾರದ ಒಂದು ಸಂಖ್ಯೆಯುಂಟು. ಇದನ್ನು ಕೀಲಿ ಎನ್ನಬಹುದು. ಎರವಲಿನ ಕೋಷ್ಟಕದಲ್ಲಿ ಹೆಸರುಗಳನ್ನೇ ಬರೆಯುವುದಿಲ್ಲ. ಪುಸ್ತಕದ ಸಂಖ್ಯೆ, ವಿದ್ಯಾರ್ಥಿಯ ಸಂಖ್ಯೆ, ಕೊಟ್ಟ ದಿನಾಂಕ, ಹಿಂದಿರುಗಿಸಿದ ದಿನಾಂಕ ಇಷ್ಟೇ. ಕೋಷ್ಟಕಗಳ ಸಂಬಂಧವನ್ನು ಒಮ್ಮೆ ಗೊತ್ತುಪಡಿಸಿದ ಮೇಲೆ, ಇಲ್ಲದ ಪುಸ್ತಕವನ್ನು ಯಾರ ಹೆಸರಿಗಾದರೂ ಬರೆಯಹೊರಟರೆ ಯಂತ್ರವು ನಿರಾಕರಿಸುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ. ನನ್ನ ಹಳೆಯ ಹಾಳೆಯಲ್ಲಿ ಒಂದು ಕಡೆ ‘ಕುವೆಂಪು’, ಇನ್ನೊಂದು ಕಡೆ ‘ಕೆ. ವಿ. ಪುಟ್ಟಪ್ಪ’ ಎಂದಿತ್ತು; ಯಂತ್ರಕ್ಕೆ ಅವರು ಇಬ್ಬರು. ಲೇಖಕರಿಗೂ ಒಂದು ಕೋಷ್ಟಕ ಮಾಡಿ ಒಂದೇ ಸಂಖ್ಯೆ ಕೊಟ್ಟುಬಿಟ್ಟರೆ ಆ ಗೊಂದಲ ತೀರಿತು.

ಇಂಥ ಕೆಲಸಕ್ಕೆ ಲಿಬ್ರೆಆಫೀಸಿನಲ್ಲಿ ಇರುವ ಉಪಕರಣವೇ ‘ಬೇಸ್’. ಇದರ ವಿಷಯದಲ್ಲಿ ಮುಖ್ಯವಾಗಿ ತಿಳಿಯಬೇಕಾದುದೊಂದಿದೆ: ‘ಬೇಸ್’ ಬೇರೆ, ಅದರ ಹಿಂದೆ ದುಡಿಯುವ ಯಂತ್ರ ಬೇರೆ. ಹೋಟೆಲಿಗೆ ಹೋದಾಗ ನಾವು ಮಾತನಾಡುವುದು ಮಾಣಿಯೊಡನೆ. ದೋಸೆ ಹುಯ್ಯುವವನು ಒಳಗಿನ ಭಟ್ಟ. ಬೇಸ್ ನಮ್ಮ ಮಾಣಿ. ಅದು ಮಾಹಿತಿ ತುಂಬಲು ನಮೂನೆಗಳನ್ನು ಒದಗಿಸುತ್ತದೆ, ಪ್ರಶ್ನೆಗಳನ್ನು ಕೇಳಿಕೊಳ್ಳುತ್ತದೆ, ವರದಿಯನ್ನು ಅಚ್ಚುಕಟ್ಟಾಗಿ ತಂದಿಡುತ್ತದೆ. ಮಾಹಿತಿಯನ್ನು ಕಾಪಾಡಿ, ಹುಡುಕಿ ಕೊಡುವವನು ಒಳಗಿನ ಯಂತ್ರ. ಇಬ್ಬರ ನಡುವಣ ಭಾಷೆಗೆ ಎಸ್‌ಕ್ಯುಎಲ್ ಎಂದು ಹೆಸರು. “ಎರವಲಿನ ಕೋಷ್ಟಕದಲ್ಲಿ ಹಿಂದಿರುಗಿಸಿದ ದಿನಾಂಕ ಖಾಲಿಯಿರುವ ಸಾಲುಗಳನ್ನು ಆರಿಸು” ಎಂಬಷ್ಟು ಸರಳ ವಾಕ್ಯಗಳು ಅದರಲ್ಲಿವೆ. ಆ ಭಾಷೆ ಬಾರದವರು ಕೋಷ್ಟಕಗಳ ಚಿತ್ರಗಳನ್ನು ಮುಂದಿಟ್ಟುಕೊಂಡೇ ಪ್ರಶ್ನೆಯನ್ನು ರಚಿಸಬಹುದು.

ಇದರ ಚರಿತ್ರೆ ಚಿಕ್ಕದು. ಜರ್ಮನಿಯ ಸ್ಟಾರ್‌ಆಫೀಸ್ ಎಂಬ ತಂತ್ರಾಂಶವನ್ನು ಸನ್ ಸಂಸ್ಥೆ 1999ರಲ್ಲಿ ಕೊಂಡು, 2000ದಲ್ಲಿ ಅದರ ಮೂಲವನ್ನು ಓಪನ್‌ಆಫೀಸ್ ಹೆಸರಿನಿಂದ ಲೋಕಕ್ಕೆ ತೆರೆದಿಟ್ಟಿತು. 2005ರ ಎರಡನೆಯ ಆವೃತ್ತಿಯಲ್ಲಿ ‘ಬೇಸ್’ ಬಂದಿತು. ಸನ್ ಸಂಸ್ಥೆ ಒರೇಕಲ್‌ನ ಕೈಸೇರಿದ ಬಳಿಕ, 2010ರಲ್ಲಿ ಅನೇಕ ಕಾರ್ಯಕರ್ತರು ಬೇರ್ಪಟ್ಟು ಲಿಬ್ರೆಆಫೀಸನ್ನು ಕಟ್ಟಿದರು. ಇದಕ್ಕೆ ಬೆಲೆಯಿಲ್ಲ, ಬೇಕಾದವರು ಹಂಚಬಹುದು, ತಿದ್ದಬಹುದು. ನಮ್ಮಂಥವರಿಗೆ ಇದು ಸಣ್ಣ ಉಪಕಾರವಲ್ಲ.

ಬೇಸ್‌ನೊಂದಿಗೆ ಬಂದ ಯಂತ್ರದ ಹೆಸರು ಎಚ್‌ಎಸ್‌ಕ್ಯುಎಲ್‌ಡಿಬಿ. ಇದು ಜಾವಾ ಭಾಷೆಯಲ್ಲಿ ರಚಿತವಾದುದರಿಂದ ಗಣಕದಲ್ಲಿ ಜಾವಾ ಇರಲೇಬೇಕು. ಈ ತೊಡಕನ್ನು ನೀಗಲೆಂದು 2014ರ 4.2ನೆಯ ಆವೃತ್ತಿಯಲ್ಲಿ ‘ಫೈರ್‌ಬರ್ಡ್’ ಎಂಬ ಇನ್ನೊಂದು ಯಂತ್ರವನ್ನು ಪ್ರಯೋಗಾರ್ಥವಾಗಿ ಸೇರಿಸಿದರು. ಬೋರ್ಲಾಂಡ್ ಸಂಸ್ಥೆ 2000ದಲ್ಲಿ ಬಹಿರಂಗಪಡಿಸಿದ ಇಂಟರ್‌ಬೇಸ್‌ನಿಂದ ಹುಟ್ಟಿದ ಯಂತ್ರವಿದು.

ಇಲ್ಲಿಯೇ ನಾನು ಎರಡನೆಯ ಪಾಠ ಕಲಿತೆನು. ಒಂದು ಸಂಜೆ ಅರವತ್ತು ಪುಸ್ತಕಗಳನ್ನು ತುಂಬಿದ್ದೆನು, ಕರೆಂಟು ಹೋಯಿತು. ಮರುದಿನ ನೋಡಿದರೆ ಒಂದೂ ಇಲ್ಲ! ಪ್ರತಿ ದಾಖಲೆಯನ್ನೂ ಉಳಿಸಿದ್ದೆನಲ್ಲ ಎಂದು ಬೆರಗಾದೆನು. ಕಾರಣವಿಷ್ಟೆ: ಬೇಸ್‌ನ ಕಡತವು ನಿಜವಾಗಿ ಒಂದು ಬಿಗಿದ ಗಂಟು. ಕೋಷ್ಟಕಗಳು, ನಮೂನೆಗಳು, ವರದಿಗಳು ಎಲ್ಲವೂ ಅದರೊಳಗಿವೆ. ಕೆಲಸ ನಡೆಯುವಾಗ ಯಂತ್ರವು ಮಾಹಿತಿಯನ್ನು ಗಂಟಿನಿಂದ ಹೊರತೆಗೆದು ತಾತ್ಕಾಲಿಕ ಸ್ಥಳದಲ್ಲಿಟ್ಟುಕೊಳ್ಳುತ್ತದೆ. ನಾವು ಇಡೀ ಕಡತವನ್ನು ಉಳಿಸಿದಾಗ, ಇಲ್ಲವೆ ಮುಚ್ಚಿದಾಗ ಮಾತ್ರ ಅದನ್ನು ಮತ್ತೆ ಗಂಟಿನೊಳಕ್ಕೆ ಕಟ್ಟುತ್ತದೆ. ದಾಖಲೆಯನ್ನು ಉಳಿಸಿದುದು ಕಡತವನ್ನು ಉಳಿಸಿದಂತಾಗದು.

ಆದುದರಿಂದ ಒಳಗಿನ ಯಂತ್ರವು ಕಲಿಕೆಗೂ ಚಿಕ್ಕ ಪಟ್ಟಿಗಳಿಗೂ ಸಾಕು. ಹಲವರು ಒಂದೇ ವೇಳೆಯಲ್ಲಿ ಬಳಸುವ, ಕಳೆದುಹೋದರೆ ನಷ್ಟವಾಗುವ ಲೆಕ್ಕಕ್ಕೆ ಮರಿಯಾಡಿಬಿ, ಪೋಸ್ಟ್‌ಗ್ರೆಸ್‌ಕ್ಯುಎಲ್ ಮುಂತಾದ ಪ್ರತ್ಯೇಕ ಯಂತ್ರಗಳನ್ನು ಹೂಡಿ, ಬೇಸನ್ನು ಅವಕ್ಕೆ ಜೋಡಿಸುವುದು ಲೇಸು. ಭಟ್ಟ ಬದಲಾದರೂ ಮಾಣಿ ಅವನೇ. ಹಳೆಯ ಲೆಕ್ಕದ ಹಾಳೆಗಳಿಗೂ ಬೇಸನ್ನು ಜೋಡಿಸಬಹುದು; ಆದರೆ ಅವನ್ನು ಅಲ್ಲಿ ಓದಬಹುದೇ ಹೊರತು ತಿದ್ದಲಾಗದು. ಯಾವುದನ್ನೇ ಬಳಸಿದರೂ ವಾರಕ್ಕೊಮ್ಮೆ ಪ್ರತಿಯೊಂದನ್ನು ಬೇರೆಡೆ ಇಡಬೇಕು.

ಈಗ ನಮ್ಮ ಭಂಡಾರದ ಲೆಕ್ಕ ಬೇಸ್‌ನಲ್ಲಿದೆ. ಆ ತಾಯಿಯ ಹಣವನ್ನು ಗುರುಗಳು ಹಿಂದಿರುಗಿಸಿದರು. ಕಳೆದುಕೊಂಡ ಕೂಲಿಯನ್ನು ಯಾರೂ ಹಿಂದಿರುಗಿಸಲಿಲ್ಲ. ನಾನು ಕ್ಷಮೆ ಕೇಳಿದಾಗ ಆ ವಿದ್ಯಾರ್ಥಿನಿ, “ಇನ್ನು ಮೇಲೆ ಪಟ್ಟಿ ಹೇಳಿದ್ದನ್ನು ಇನ್ನೊಮ್ಮೆ ನೋಡಿ, ಅಣ್ಣಾ” ಎಂದಳು.

ನಾವು ಪದವೀಧರರಾಗಿ ನಾಳೆ ಕಚೇರಿಗಳಲ್ಲಿ, ಸಹಕಾರ ಸಂಘಗಳಲ್ಲಿ, ಶಾಲೆಗಳಲ್ಲಿ ಬಡವರ ಹೆಸರುಗಳನ್ನು ಪಟ್ಟಿಗಳಲ್ಲಿ ತುಂಬುವವರು. ಒಂದು ಸಾಲು ಜಾರಿದರೆ ಒಬ್ಬರ ಪಡಿತರವೋ ವಿದ್ಯಾರ್ಥಿವೇತನವೋ ಜಾರೀತು. ನನ್ನ ತಾಯಿ ಗೋಡೆಯ ಮೇಲೆ ಒಂದು ಗೆರೆ ಎಳೆಯುವ ಮೊದಲು ಆ ಮನೆಯವರ ಮುಖವನ್ನು ನೆನೆಯುತ್ತಾಳೆ. ಯಂತ್ರಕ್ಕೆ ಆ ನೆನಪಿಲ್ಲ. ಅದನ್ನು ನಾವೇ ಇಟ್ಟುಕೊಳ್ಳಬೇಕು.

— ಅಂತಿಮ ಬಿ.ಎ. ವಿದ್ಯಾರ್ಥಿ