ಇನ್ಸುಲಿನ್ ಹಿಡಿದು ಊರಿಗೆ ಹೊರಟ್ರಾ? ಬಿಸಿಲಿನಷ್ಟೇ ಐಸ್ ಕೂಡ ಅಪಾಯ

ರಾಯಚೂರು: ಏಪ್ರಿಲ್, ಮೇ ಬಂತೆಂದರೆ ರಾಯಚೂರು, ಯಾದಗಿರಿ, ಕಲಬುರಗಿ ಭಾಗದಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಮದುವೆ, ಜಾತ್ರೆ, ಆಸ್ಪತ್ರೆ ಅಂತ ಜನ ಬಸ್ಸು ಹತ್ತುವುದೂ ಇದೇ ದಿನಗಳಲ್ಲಿ. ನಿತ್ಯ ಇನ್ಸುಲಿನ್ ಚುಚ್ಚಿಕೊಳ್ಳುವ ಸಕ್ಕರೆ ಕಾಯಿಲೆಯವರಿಗೆ ಹೊರಡುವ ಮೊದಲೇ ಒಂದು ಚಿಂತೆ: ‘ದಾರಿಯಲ್ಲಿ ಫ್ರಿಜ್ ಎಲ್ಲಿಂದ ತರೋದು?’

ಕೆಲವರು ಬಾಟಲಿಯನ್ನು ಐಸ್ ತುಂಡುಗಳ ಜೊತೆಗೇ ಕವರಿಗೆ ಹಾಕಿಕೊಂಡು ಹೊರಡುತ್ತಾರೆ. ಇನ್ನು ಕೆಲವರು ‘ಎರಡು ದಿನ ತಾನೆ, ಬಂದು ತಗೊಂಡ್ರಾಯ್ತು’ ಅಂತ ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಎರಡೂ ತಪ್ಪು. ಮೊದಲನೆಯದರಲ್ಲಿ ಔಷಧಿ ಹಾಳಾಗುತ್ತದೆ, ಎರಡನೆಯದರಲ್ಲಿ ಜೀವಕ್ಕೇ ಕುತ್ತು ಬರಬಹುದು.

ಯಾಕೆ ಕೆಡುತ್ತದೆ?

ಇನ್ಸುಲಿನ್ ಒಂದು ಪ್ರೋಟೀನ್. ಅತಿ ಬಿಸಿ ತಗುಲಿದರೆ ನಿಧಾನವಾಗಿ ಸತ್ವ ಕಳೆದುಕೊಳ್ಳುತ್ತದೆ. ಹೆಪ್ಪುಗಟ್ಟಿದರಂತೂ ಮುಗಿಯಿತು. ಒಡೆದ ಹಾಲು ಮತ್ತೆ ಕೂಡುವುದಿಲ್ಲವಲ್ಲ, ಹಾಗೆ. ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಾಣಬಹುದು, ಆದರೆ ಅದನ್ನು ನಂಬಿ ಚುಚ್ಚಿಕೊಳ್ಳುವ ಹಾಗಿಲ್ಲ. ಎಸೆಯಲೇಬೇಕು.

ತೆರೆಯದ ಬಾಟಲಿ ಅಥವಾ ಪೆನ್ 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಜ್‌ನಲ್ಲಿ ಇರಬೇಕು. ಒಮ್ಮೆ ಬಳಸಲು ಶುರು ಮಾಡಿದ್ದಕ್ಕೆ ಫ್ರಿಜ್ ಕಡ್ಡಾಯವಲ್ಲ. ಹೆಚ್ಚಿನ ಇನ್ಸುಲಿನ್‌ಗಳು 25 ಅಥವಾ 30 ಡಿಗ್ರಿ ಒಳಗೆ ಸುಮಾರು ನಾಲ್ಕು ವಾರ ಇರುತ್ತವೆ. ಕಂಪನಿಯಿಂದ ಕಂಪನಿಗೆ ಲೆಕ್ಕ ಬೇರೆ, ಆದ್ದರಿಂದ ಡಬ್ಬಿಯೊಳಗಿನ ಚೀಟಿ ಓದಿಕೊಳ್ಳಿ, ಇಲ್ಲವೇ ಮೆಡಿಕಲ್ ಶಾಪ್‌ನವರನ್ನು ಕೇಳಿ.

ಸ್ವಲ್ಪ ಬಿಸಿ ತಾಗಿತು ಅಂತ ಗಾಬರಿಯಾಗಿ ಡೋಸ್ ಬಿಡುವುದೂ ಸರಿಯಲ್ಲ. ಕೀನ್ಯಾದ ದಾಗಹಲೆ ನಿರಾಶ್ರಿತರ ಶಿಬಿರದಲ್ಲಿ ಹಗಲು ರಾತ್ರಿ ತಾಪಮಾನ 25ರಿಂದ 37 ಡಿಗ್ರಿವರೆಗೆ ಏರಿಳಿಯುತ್ತಿತ್ತು. ಅದೇ ಏರಿಳಿತದಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್ ಸತ್ವ ಉಳಿಸಿಕೊಂಡಿತ್ತು ಎಂದು ಜಿನೀವಾ ವಿಶ್ವವಿದ್ಯಾಲಯ ಮತ್ತು ಎಂಎಸ್ಎಫ್ ವೈದ್ಯರ ಸಂಸ್ಥೆ 2021ರಲ್ಲಿ ಪ್ರಕಟಿಸಿದವು. ಆದರೆ ನಮ್ಮ ಕಡೆಯ 42 ಡಿಗ್ರಿಗೆ, ಬಿಸಿಲಲ್ಲಿ ನಿಂತ ಕಾರಿಗೆ ಆ ಧೈರ್ಯ ಸಲ್ಲದು.

ಗಡಿಗೆ ನೀರಿನ ಉಪಾಯ

ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದು ಹೊರಮೈಯ ತೇವ ಆರುತ್ತಾ ಶಾಖವನ್ನು ಎಳೆದುಕೊಳ್ಳುವುದರಿಂದ. ಪ್ರಯಾಣದಲ್ಲೂ ಇದೇ ಉಪಾಯ ನಡೆಯುತ್ತದೆ. ಬಾಟಲಿಯನ್ನು ನೀರು ಹೋಗದ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಅದಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಗಾಳಿಯಾಡುವ ಬಟ್ಟೆ ಚೀಲದಲ್ಲಿಡಿ. ಬಟ್ಟೆ ಆರಿದಾಗ ಮತ್ತೆ ನೀರು ಚಿಮುಕಿಸಿ. ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ತೇವ ಆರುವುದಿಲ್ಲ, ತಂಪೂ ಆಗುವುದಿಲ್ಲ. ನೀರಿನಲ್ಲಿ ನೆನೆಸಿ ಬಳಸುವ ಇನ್ಸುಲಿನ್ ಪೌಚ್‌ಗಳು ಕೆಲಸ ಮಾಡುವುದೂ ಹೀಗೆಯೇ. ಒಣ ಹವೆಯ ನಮ್ಮ ಭಾಗದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮಂಗಳೂರು, ಉಡುಪಿ ಕಡೆ ಹೋದರೆ ಗಾಳಿಯಲ್ಲೇ ತೇವ ಹೆಚ್ಚು, ಅಲ್ಲಿ ಅಷ್ಟು ತಂಪಾಗದು.

ಅಗಲ ಬಾಯಿಯ ಥರ್ಮಾಸ್ ಇದ್ದರೆ ತಣ್ಣೀರು ತುಂಬಿ ಸ್ವಲ್ಪ ಹೊತ್ತು ಬಿಟ್ಟು, ಚೆಲ್ಲಿ, ಒರೆಸಿ, ಅದರಲ್ಲಿ ಇನ್ಸುಲಿನ್ ಇಟ್ಟು ಮುಚ್ಚಬಹುದು. ಐಸ್ ಪ್ಯಾಕ್ ಬಳಸುವುದಾದರೆ ಅದಕ್ಕೆ ದಪ್ಪ ಟವೆಲ್ ಸುತ್ತಿ. ಬಾಟಲಿಗೆ ಐಸ್ ನೇರವಾಗಿ ತಾಗಬಾರದು.

ಬಸ್ಸು, ಬೈಕು, ವಿಮಾನ

ಬಸ್ಸಿನಲ್ಲಿ ಇನ್ಸುಲಿನ್ ಚೀಲ ಕೈಯಲ್ಲೇ ಇರಲಿ. ಎಂಜಿನ್ ಪಕ್ಕ, ಬಿಸಿಲು ಬೀಳುವ ಕಿಟಕಿ, ಲಗೇಜ್ ಡಿಕ್ಕಿ ಬೇಡ. ಸ್ಕೂಟರ್ ಡಿಕ್ಕಿಗೆ ಎಂಜಿನ್ ಶಾಖ ತಟ್ಟುತ್ತದೆ. ನಿಲ್ಲಿಸಿದ ಕಾರಿನಲ್ಲಿ ‘ಐದೇ ನಿಮಿಷ’ ಅಂತಲೂ ಬಿಟ್ಟು ಇಳಿಯಬೇಡಿ. ವಿಮಾನ ಹತ್ತುವವರು ಚೆಕ್-ಇನ್ ಲಗೇಜ್‌ಗೆ ಹಾಕದೆ, ಡಾಕ್ಟರ ಚೀಟಿಯ ಸಮೇತ ಕೈಚೀಲದಲ್ಲಿಡಿ. ಕೆಳಗಿನ ಲಗೇಜ್ ಜಾಗದಲ್ಲಿ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು ಒದ್ದೆ ಬಟ್ಟೆಯ ಚೀಲವನ್ನು ನೆರಳಿನ ಬದಿಗೆ ಇಟ್ಟುಕೊಂಡು ನಡೆಯುವುದು ಒಳ್ಳೆಯದು.

ಅಂಗಡಿಯವರ ಕೈಯಲ್ಲೂ ಇದೆ

ಹಳ್ಳಿಯಿಂದ ಬೈಕಿನಲ್ಲಿ ಬಂದು ಇನ್ಸುಲಿನ್ ಒಯ್ಯುವವರು ಮಧ್ಯಾಹ್ನದ ಬಿಸಿಲಲ್ಲಿ ಇನ್ನೂ ನಾಲ್ಕು ಕೆಲಸ ಮುಗಿಸಿಯೇ ಮನೆ ಸೇರುವುದು. ಮೆಡಿಕಲ್ ಶಾಪ್‌ನವರು ಬಿಲ್ ಕೊಡುವಾಗ ‘ಎಷ್ಟು ಹೊತ್ತಿಗೆ ಮನೆ ಮುಟ್ತೀರಿ?’ ಅಂತ ಒಂದು ಮಾತು ಕೇಳಿ, ಔಷಧಿಗೂ ಐಸ್ ಪ್ಯಾಕ್‌ಗೂ ನಡುವೆ ಪೇಪರ್ ಮಡಿಕೆ ಇಟ್ಟು ಕಟ್ಟಿಕೊಡಬಹುದು. ಗಿರಾಕಿಗಳೂ ಉಳಿದ ಸಂತೆ ಮುಗಿಸಿ ಕೊನೆಗೆ ಇನ್ಸುಲಿನ್ ಕೊಳ್ಳಲಿ. ಅಂಗಡಿಯ ಫ್ರಿಜ್‌ನಲ್ಲಿ ಇನ್ಸುಲಿನ್ ನಡುವಿನ ತಟ್ಟೆಯಲ್ಲಿರಲಿ, ಫ್ರೀಜರ್‌ಗೆ ಅಂಟಿಕೊಂಡು ಬೇಡ. ಕರೆಂಟ್ ಹೋದಾಗ ಫ್ರಿಜ್ ಬಾಗಿಲು ಪದೇ ಪದೇ ತೆರೆಯಬೇಡಿ.

ಕೆಟ್ಟಿದೆಯೇ ಎಂದು ತಿಳಿಯುವುದು ಹೇಗೆ?

ನೀರಿನಂತೆ ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾದರೆ, ಎಳೆ ಎಳೆ ಕಂಡರೆ ಬಳಸಬೇಡಿ. ಹಾಲಿನಂತಿರುವ ಇನ್ಸುಲಿನ್ ಅಂಗೈಯಲ್ಲಿ ಮೆಲ್ಲಗೆ ಉರುಳಿಸಿದಾಗ ಒಂದೇ ಸಮನಾಗಬೇಕು. ಗಡ್ಡೆ ಉಳಿದರೆ, ಗಾಜಿಗೆ ಮಂಜಿನಂತೆ ಅಂಟಿದರೆ ಎಸೆಯಿರಿ. ಕಣ್ಣಿಗೆ ಏನೂ ಕಾಣದೆಯೂ ಸತ್ವ ಇಳಿದಿರಬಹುದು. ಊಟ, ಡೋಸ್ ಎಂದಿನಂತೆಯೇ ಇದ್ದು ಶುಗರ್ ಏರುತ್ತಲೇ ಹೋದರೆ ಹೊಸ ಬಾಟಲಿ ತೆಗೆದು ಡಾಕ್ಟರಿಗೆ ಫೋನ್ ಮಾಡಿ. ತಾವಾಗಿಯೇ ಡೋಸ್ ಏರಿಸಬೇಡಿ. ಶುಗರ್ ಏರಿರುವಾಗ ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಶುರುವಾದರೆ ಪ್ರಯಾಣ ಅಲ್ಲಿಗೇ ನಿಲ್ಲಿಸಿ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಮದುವೆ ಮನೆ ಆಮೇಲೆ ಮುಟ್ಟಿದರಾಯಿತು.