ಹೊಡೆದಿಲ್ಲ ಅಂದ್ರೆ ದೌರ್ಜನ್ಯ ಅಲ್ವಾ? ಕಾನೂನು ಏನು ಹೇಳುತ್ತೆ ಕೇಳಿ

ಇವತ್ತು ಮನೆಯೊಳಗಿನ ಹಿಂಸೆ ಬಗ್ಗೆ ಮಾತಾಡೋಣ. ಅದರಲ್ಲೂ ಏಟು ಬೀಳದ ಹಿಂಸೆ ಬಗ್ಗೆ.

ಒಂದು ಉದಾಹರಣೆ ಇಟ್ಕೊಳ್ಳಿ. ಬಳೇಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಮದುವೆಯಾಗಿ ಬಂದ ಹುಡುಗಿಯ ಸಂಬಳದ ಎಟಿಎಂ ಕಾರ್ಡ್ ಗಂಡನ ಕೈಯಲ್ಲಿ. ಫೋನ್‌ನಲ್ಲಿ ಲೊಕೇಶನ್ ಸದಾ ಆನ್ ಇರಬೇಕು. ತವರಿನವರ ಜೊತೆ ಸ್ಪೀಕರ್ ಹಾಕಿಯೇ ಮಾತಾಡಬೇಕು. ಒಡವೆ ಅತ್ತೆಯ ಲಾಕರ್‌ನಲ್ಲಿ. ಜಗಳ ಆದಾಗಲೆಲ್ಲ "ಇದು ನಮ್ಮಪ್ಪನ ಮನೆ, ಆಚೆ ಹೋಗು" ಅನ್ನೋ ಮಾತು. ಒಂದು ಏಟೂ ಬಿದ್ದಿಲ್ಲ.

ಒಂದೊಂದನ್ನೇ ನೋಡಿದ್ರೆ ಚಿಕ್ಕ ವಿಷಯ ಅನ್ಸುತ್ತೆ. ಒಟ್ಟಿಗೆ ನೋಡಿದ್ರೆ ಒಬ್ಬರ ಬದುಕನ್ನೇ ಕಟ್ಟಿಹಾಕಿದ ಹಾಗೆ. ಇದಕ್ಕೆ 'ಕೋಯರ್ಸಿವ್ ಕಂಟ್ರೋಲ್' ಅಂತಾರೆ, ಅಂದ್ರೆ ಬಲವಂತದ ಹಿಡಿತ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರಿಂದ ಇದೇ ಒಂದು ಅಪರಾಧ, 5 ವರ್ಷದವರೆಗೆ ಜೈಲು. ಸ್ಕಾಟ್ಲೆಂಡ್‌ನ 2018ರ ಕಾನೂನಿನಲ್ಲಿ ಗರಿಷ್ಠ 14 ವರ್ಷ.

ಹಾಗಾದ್ರೆ ನಮ್ಮಲ್ಲಿ?

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದ್ದು, ಜಾರಿಯಾಗಿದ್ದು 2006ರ ಅಕ್ಟೋಬರ್ 26ಕ್ಕೆ. ಅದರ 3ನೇ ಸೆಕ್ಷನ್ ದೈಹಿಕ, ಲೈಂಗಿಕ, ಮಾತಿನ ಹಾಗೂ ಭಾವನಾತ್ಮಕ, ಆರ್ಥಿಕ ಹಿಂಸೆ ಎಲ್ಲವನ್ನೂ ದೌರ್ಜನ್ಯ ಅಂತಲೇ ಹೇಳುತ್ತೆ. ಸಂಬಳ ಕಿತ್ಕೊಳ್ಳೋದು, ಸ್ತ್ರೀಧನ ಕೊಡದೇ ಇರೋದು ಆರ್ಥಿಕ ಹಿಂಸೆ. ಯಾರನ್ನಾದರೂ ಭೇಟಿಯಾಗದಂತೆ ತಡೆಯೋದು, ಮನೆಯಿಂದ ಹೊರಗೆ ಬಿಡದೇ ಇರೋದು ಕೂಡ ಕಾಯ್ದೆಯ ನಿಯಮಗಳ ಜೊತೆಗಿರೋ ದೂರಿನ ನಮೂನೆಯಲ್ಲೇ ಇದೆ. ಹೆಂಡತಿ ಮಾತ್ರ ಅಲ್ಲ, ತಾಯಿ, ಅಕ್ಕ-ತಂಗಿ, ಮದುವೆಯಂತಹ ಸಂಬಂಧದಲ್ಲಿ ಜೊತೆಗಿರುವ ಮಹಿಳೆಯೂ ದೂರು ಕೊಡಬಹುದು.

"ನಮ್ಮಪ್ಪನ ಮನೆ" ಅನ್ನೋ ಮಾತಿಗೂ ಉತ್ತರ ಇದೆ. ಮನೆ ಮಾವನ ಹೆಸರಲ್ಲಿದ್ದರೂ ಸೊಸೆ ಅಲ್ಲಿ ಸಂಸಾರ ಮಾಡಿಕೊಂಡಿದ್ದರೆ ವಾಸದ ಹಕ್ಕು ಕೇಳಬಹುದು ಅಂತ 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಸ್ತಿಯಲ್ಲಿ ಪಾಲು ಸಿಗುತ್ತೆ ಅಂತಲ್ಲ. ಕಾನೂನು ಬಿಟ್ಟು ಹೊರಗೆ ಹಾಕೋ ಹಾಗಿಲ್ಲ ಅಂತ.

ಹಾಗಾದ್ರೆ ಕೊರತೆ ಎಲ್ಲಿ? ನಮ್ಮ ಕಾಯ್ದೆಯಲ್ಲಿ ದೌರ್ಜನ್ಯಕ್ಕೆ ನೇರವಾಗಿ ಜೈಲಿಲ್ಲ. ಮೊದಲು ಮ್ಯಾಜಿಸ್ಟ್ರೇಟ್ ರಕ್ಷಣಾ ಆದೇಶ ಕೊಡಬೇಕು. ಅದನ್ನು ಮುರಿದರೆ ಮಾತ್ರ ಅಪರಾಧ: 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೇ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85, 86ನೇ ಸೆಕ್ಷನ್. ಅಲ್ಲಿ ಮಾನಸಿಕ ಕ್ರೌರ್ಯವೂ ಬರುತ್ತೆ. ಆದರೆ ವರದಕ್ಷಿಣೆ ಕಿರುಕುಳ ಇಲ್ಲದಿದ್ದರೆ, ಆತ್ಮಹತ್ಯೆಗೆ ದೂಡುವಷ್ಟು ಅಥವಾ ಆರೋಗ್ಯಕ್ಕೆ ಗಂಭೀರ ಹಾನಿ ಮಾಡುವಷ್ಟು ತೀವ್ರವಾಗಿರಬೇಕು. ದಿನದಿನದ ಹಿಡಿತ ಇವೆರಡರ ನಡುವೆ ಜಾರಿಹೋಗುತ್ತೆ.

ಹೊಸ ಅಪರಾಧ ಸೇರಿಸಿದರೆ ಎಲ್ಲ ಸರಿಹೋಗುತ್ತಾ? ಅಷ್ಟು ಸುಲಭ ಅಲ್ಲ. ಈಗಿನ ಕಾಯ್ದೆಯಲ್ಲೇ ಅರ್ಜಿ ಹಾಕಿದ 3 ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ಇತ್ಯರ್ಥ ಆಗಬೇಕು ಅಂತಿದೆ. ಎಷ್ಟೋ ಕೇಸುಗಳು ವರ್ಷಗಟ್ಟಲೆ ಎಳೆಯುತ್ತವೆ. ಕರ್ನಾಟಕದಲ್ಲಿ ಸಿಡಿಪಿಒಗಳೇ ಸಂರಕ್ಷಣಾಧಿಕಾರಿಗಳು, ಅಂಗನವಾಡಿಗಳ ಉಸ್ತುವಾರಿಯೂ ಅವರದ್ದೇ. ಕಾಯ್ದೆ ಬಂದು ಸುಮಾರು 20 ವರ್ಷ ಆದ ಮೇಲೂ, 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ "ಆರು ವಾರದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ" ಅಂತ ಹೇಳಬೇಕಾಯ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಆಗಿದೆ ಅಂದಿದ್ದರು. ಸುಧಾರಣೆ ಅಂದ್ರೆ ಕಾನೂನಿನ ಸಾಲುಗಳ ಜೊತೆಗೆ ಅಧಿಕಾರಿಗಳೂ ಬೇಕು.

ಈಗ ಕೆಲಸಕ್ಕೆ ಬರೋ ಮಾತು. ಹಿಡಿತವನ್ನು ತೋರಿಸೋದು ಒಂದು ಘಟನೆಯಲ್ಲ, ಸರಣಿ. ತಾರೀಕು ಹಾಕಿ ಬರೆದಿಡಿ, ಮೆಸೇಜ್, ಬ್ಯಾಂಕ್ ಸ್ಟೇಟ್‌ಮೆಂಟ್ ಉಳಿಸಿ. ನಿಮ್ಮ ಫೋನನ್ನು ಬೇರೆಯವರು ನೋಡ್ತಾರೆ ಅಂದ್ರೆ ಅದರಲ್ಲಿ ಇಡಬೇಡಿ, ನಂಬುವವರ ಹತ್ತಿರ ಕೊಡಿ. ಸಹಾಯವಾಣಿ 181, ತುರ್ತಿದ್ದರೆ 112. ಉಚಿತ ವಕೀಲರು ಬೇಕಿದ್ದರೆ 15100. ಮಹಿಳೆಯರಿಗೆ ಇದಕ್ಕೆ ಆದಾಯದ ಮಿತಿ ಇಲ್ಲ.

ನೀವು ಸ್ನೇಹಿತರಾಗಿದ್ದು, ಯಾರಾದ್ರೂ ಹೀಗೆ ಹೇಳ್ಕೊಂಡ್ರೆ, "ಹೊಡೆದ್ನಾ?" ಅಂತ ಮೊದಲು ಕೇಳಬೇಡಿ. "ನಿನಗೆ ಅಲ್ಲಿ ಭಯ ಆಗುತ್ತಾ?" ಅಂತ ಕೇಳಿ.