ಪರದೆಗೆ ತಕ್ಕ ಚಿತ್ರಗಾರ

ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನಲ್ಲಿ ಹಳ್ಳಿಖೇಡ (ಬಿ) ಎಂಬ ಊರಿದೆ. ಆವರಣದೊಳಗಿರುವ ಆ ಒಂದು ಅಕ್ಷರ ‘ಬುಜುರ್ಗ್’ ಎಂಬ ಪಾರಸಿ ಪದದ ಮೊದಲಕ್ಷರ. ‘ಹಿರಿಯದು’ ಎಂದು ಅದರ ಅರ್ಥ. ತೊಗರಿ, ಕಬ್ಬುಗಳನ್ನು ಬೆಳೆಯುವ ಈ ಸೀಮೆಯಲ್ಲಿ, ಹುಮನಾಬಾದಿನ ಮೂಲಕ, ಪುಣೆಯನ್ನೂ ಹೈದರಾಬಾದನ್ನೂ ಕೂಡಿಸುವ ರಾಷ್ಟ್ರೀಯ ಹೆದ್ದಾರಿ 65 ಹಾದುಹೋಗುತ್ತದೆ. ಆ ಎರಡು ನಗರಗಳಲ್ಲಿಯೂ ಗಣಕಯಂತ್ರದ ಆಟಗಳನ್ನು ರಚಿಸುವವರಿದ್ದಾರೆ. 2017ರಲ್ಲಿ ಹೊರಬಂದ ‘ಅಸುರ’ ಎಂಬ ಆಟ ಹೈದರಾಬಾದಿನಲ್ಲಿ ಸಿದ್ಧವಾಯಿತು. ರಾಜಿ ಎಂಬ ಬಾಲೆಯೊಬ್ಬಳು ಅಸುರರೊಡನೆ ಹೋರಾಡುವ ಕಥೆಯುಳ್ಳ ‘ರಾಜಿ’ 2020ರಲ್ಲಿ ಪುಣೆಯಿಂದ ಬಂದಿತು. ಆಟಗಳು ತಯಾರಾಗುವ ಊರುಗಳ ನಡುದಾರಿಯಲ್ಲಿ ವಾಸಿಸುವ ಮಕ್ಕಳಿಗೆ ಅವನ್ನು ಆಡಬೇಕೆಂಬ ಆಸೆ ಹುಟ್ಟುವುದು ಸಹಜವೇ ಆಗಿದೆ.

ಹಳ್ಳಿಖೇಡದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಯಾವುದೋ ಕಚೇರಿಯಲ್ಲಿ ಬಳಸಿ ಮಾರಿದ ಹಳೆಯ ಗಣಕಯಂತ್ರವೊಂದು ಮಕ್ಕಳ ಓದಿಗೆಂದು ಆ ಮನೆಗೆ ಬಂದಿದೆ. ಈ ವರ್ಷ ತೊಗರಿ ಮಾರಿದ ಹಣದಲ್ಲಿ ಒಂದಿಷ್ಟನ್ನು ತಂದೆಯವರು ಮಗನ ಕೋರಿಕೆಗಾಗಿ ತೆಗೆದಿರಿಸಿದ್ದಾರೆ. ಮಗನಿಗೆ ಆಟಕ್ಕೆ ಯೋಗ್ಯವಾದ ಗ್ರಾಫಿಕ್ಸ್ ಕಾರ್ಡೂ ಒಳ್ಳೆಯ ಮಾನಿಟರೂ ಬೇಕು. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಾಗಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಈ ಸರಕನ್ನು ಮಾರುವ ಅಂಗಡಿಗಳು ಸಾಲುಸಾಲಾಗಿವೆ. ಅಲ್ಲಿ ಪೆಟ್ಟಿಗೆಗಳ ಮೇಲೆ ಬರೆದ ಸಂಖ್ಯೆಗಳನ್ನು ಕಂಡು ತಲೆ ತಿರುಗದವರು ವಿರಳ. ಒಮ್ಮೆ ಕೈಬಿಟ್ಟ ಹಣ ಮುಂದಿನ ಸುಗ್ಗಿಯವರೆಗೆ ಮತ್ತೆ ಕೈಸೇರುವುದಿಲ್ಲ. ಆದುದರಿಂದ ಆ ಸಂಖ್ಯೆಗಳ ಅರ್ಥವನ್ನು ಮನೆಯಲ್ಲಿಯೇ ತಿಳಿದು ಹೋಗುವುದು ಒಳಿತು.

ಎರಡರಲ್ಲಿ ಮೊದಲು ಯಾವುದನ್ನು ನಿಶ್ಚಯಿಸಬೇಕು? ಹೆಚ್ಚಿನವರು ಕಾರ್ಡನ್ನು ಕೊಂಡು, ಉಳಿದ ಹಣಕ್ಕೆ ಸಿಕ್ಕಿದ ಮಾನಿಟರನ್ನು ತರುತ್ತಾರೆ. ಇದು ತಲೆಕೆಳಗಾದ ಕ್ರಮ. ತೊಗಲುಗೊಂಬೆಯಾಟವನ್ನು ನೀವು ನೋಡಿರಬಹುದು. ಪರದೆಯ ಹಿಂದೆ ಕಲಾವಿದನು ಗೊಂಬೆಗಳನ್ನು ಆಡಿಸುತ್ತಾನೆ. ಮುಂದೆ ಕುಳಿತವರಿಗೆ ಕಾಣುವುದು ಪರದೆಯೊಂದೇ. ಅವನ ಕೈಚಳಕ ಎಷ್ಟೇ ಇದ್ದರೂ ಪರದೆ ತೋರಿಸದುದನ್ನು ಯಾರೂ ನೋಡಲಾರರು. ಗಣಕಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡು ಪರದೆಯ ಹಿಂದಿನ ಚಿತ್ರಗಾರ. ಮಾನಿಟರು ಆ ಪರದೆ. ಎಷ್ಟು ದೊಡ್ಡ ಚಿತ್ರವನ್ನು ಎಷ್ಟು ಬೇಗ ಬರೆಯಬೇಕೆಂಬುದನ್ನು ನಿರ್ಧರಿಸುವುದು ಪರದೆ. ಅದು ತಿಳಿದ ಮೇಲೆಯೇ ಎಂಥ ಚಿತ್ರಗಾರನು ಬೇಕೆಂದು ಹೇಳಲು ಸಾಧ್ಯ.

ಮಾನಿಟರಿನ ಮೇಲೆ ಕಾಣುವ ಚಿತ್ರ ಅಖಂಡವಾದುದಲ್ಲ. ಬೀದರಿನ ಬಿದರಿ ಪಾತ್ರೆಯ ಮೇಲೆ ಬೆಳ್ಳಿಯ ಸಣ್ಣ ಸಣ್ಣ ತುಣುಕುಗಳನ್ನು ಕೂರಿಸಿ ಹೂಬಳ್ಳಿಗಳನ್ನು ಮೂಡಿಸುವಂತೆ, ಪರದೆಯ ಮೇಲೆ ಅಸಂಖ್ಯ ಬಣ್ಣದ ಚುಕ್ಕೆಗಳು ಸೇರಿ ಚಿತ್ರವಾಗುತ್ತವೆ. ಈ ಚುಕ್ಕೆಯೇ ಪಿಕ್ಸೆಲ್. ‘ಫುಲ್ ಎಚ್‌ಡಿ’ ಎನ್ನಿಸಿಕೊಳ್ಳುವ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಗುಣಿಸಿದರೆ 20,73,600. ಇದಕ್ಕಿಂತ ಮೇಲಿನ ದರ್ಜೆಯಲ್ಲಿ 2560ಕ್ಕೆ 1440, ಅಂದರೆ 36,86,400 ಚುಕ್ಕೆಗಳು. ‘4ಕೆ’ ಎಂಬ ದರ್ಜೆಯಲ್ಲಿ 3840ಕ್ಕೆ 2160. ಅಲ್ಲಿ ಚುಕ್ಕೆಗಳ ಸಂಖ್ಯೆ ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕರಷ್ಟು. ಚುಕ್ಕೆ ಹೆಚ್ಚಿದಂತೆ ಚಿತ್ರ ನುಣುಪಾಗುತ್ತದೆ, ನಿಜ. ಆದರೆ ಚಿತ್ರಗಾರನ ದುಡಿಮೆಯೂ ಸುಮಾರಾಗಿ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ.

ಪರದೆಯ ಅಳತೆಯೂ ಇದರೊಡನೆ ಸೇರುತ್ತದೆ. 24 ಅಂಗುಲದ ಫುಲ್ ಎಚ್‌ಡಿ ಪರದೆಯಲ್ಲಿ ಅಂಗುಲಕ್ಕೆ ಸುಮಾರು 92 ಚುಕ್ಕೆಗಳು ಬೀಳುತ್ತವೆ. ಅಷ್ಟೇ ಚುಕ್ಕೆಗಳನ್ನು 27 ಅಂಗುಲಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ 82 ಮಾತ್ರ. ಮೇಜಿನ ಮೇಲೆ ತೋಳಿನಳತೆಯ ದೂರದಲ್ಲಿಟ್ಟು ನೋಡುವಾಗ ಅಕ್ಷರಗಳ ಅಂಚು ಒರಟಾಗಿ ತೋರುತ್ತದೆ. ದೊಡ್ಡದೆಲ್ಲ ಒಳ್ಳೆಯದೆಂಬ ಭಾವನೆ ಇಲ್ಲಿ ಸಲ್ಲದು.

ಇನ್ನು ವೇಗದ ಮಾತು. ಮಾನಿಟರು ತನ್ನ ಚಿತ್ರವನ್ನು ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಹೊಸದಾಗಿಸುತ್ತದೆ ಎಂಬುದನ್ನು ಹರ್ಟ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಸಾಧಾರಣ ಮಾನಿಟರು 60 ಹರ್ಟ್ಸಿನದು; ಆಟಕ್ಕೆಂದೇ ಮಾಡಿದವುಗಳಲ್ಲಿ 144, 165, 240 ಹರ್ಟ್ಸಿನವು ಉಂಟು. ಚಲನಚಿತ್ರಕ್ಕೆ ಸೆಕೆಂಡಿಗೆ 24 ಚಿತ್ರಗಳು ಸಾಕಾಗುತ್ತವಲ್ಲ, ಆಟಕ್ಕೇಕೆ ಇಷ್ಟೊಂದು ಎಂದು ನೀವು ಕೇಳಬಹುದು. ಚಲನಚಿತ್ರದ ಒಂದೊಂದು ಚಿತ್ರದಲ್ಲಿಯೂ ಚಲನೆಯ ಮಸುಕು ಬೆರೆತಿರುತ್ತದೆ. ಆ ಮಸುಕೇ ಚಿತ್ರದಿಂದ ಚಿತ್ರಕ್ಕೆ ಸೇತುವೆಯಾಗುತ್ತದೆ. ಅದಕ್ಕಿಂತ ಮುಖ್ಯವಾದುದೆಂದರೆ, ಚಲನಚಿತ್ರವನ್ನು ನಾವು ನೋಡುತ್ತೇವೆ, ಆಟವನ್ನು ನಡೆಸುತ್ತೇವೆ. ಕೈ ಅಲುಗಿದೊಡನೆ ಪರದೆಯ ಮೇಲೆ ಅದರ ಫಲ ಕಾಣಬೇಕು. 60 ಹರ್ಟ್ಸಿನಲ್ಲಿ ಒಂದು ಚಿತ್ರದಿಂದ ಮತ್ತೊಂದಕ್ಕೆ 16.7 ಮಿಲಿಸೆಕೆಂಡು ಕಾಯಬೇಕು. 144 ಹರ್ಟ್ಸಿನಲ್ಲಿ 6.9 ಮಿಲಿಸೆಕೆಂಡು ಸಾಕು. ಗುರಿಯಿಟ್ಟು ಹೊಡೆಯುವ ಆಟಗಳಲ್ಲಿ ಈ ಅಂತರ ಕೈಗೆ ತಿಳಿಯುತ್ತದೆ. ನಿಧಾನವಾಗಿ ಕಥೆ ಬೆಳೆಯುವ ಆಟಗಳಲ್ಲಿಯೂ ಚದುರಂಗದಂಥ ಆಟಗಳಲ್ಲಿಯೂ ಅದರಿಂದಾಗುವ ಲಾಭ ಅತ್ಯಲ್ಪ. ಆದ್ದರಿಂದ ತಾನು ಆಡುವುದು ಎಂಥ ಆಟ ಎಂಬ ಪ್ರಶ್ನೆಗೆ ಹುಡುಗನು ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಬೇಕು.

ಪರದೆಯ ಹೊದಿಕೆಯೊಳಗಿನ ತಂತ್ರವೂ ಬಗೆಬಗೆಯಾಗಿದೆ. ಟಿಎನ್ ಬಗೆಯದು ಅಗ್ಗವಾದರೂ ಓರೆಯಿಂದ ನೋಡಿದಾಗ ಬಣ್ಣ ಕೆಡುತ್ತದೆ. ವಿಎ ಬಗೆಯಲ್ಲಿ ಕಪ್ಪು ಗಾಢವಾಗಿದ್ದರೂ ಕತ್ತಲೆಯ ದೃಶ್ಯಗಳು ಕೆಲವೊಮ್ಮೆ ಬಾಲ ಬಿಟ್ಟಂತೆ ಎಳೆದುಕೊಳ್ಳುತ್ತವೆ. ಓಎಲ್‌ಇಡಿ ಎಲ್ಲಕ್ಕಿಂತ ಸೊಗಸು, ಎಲ್ಲಕ್ಕಿಂತ ದುಬಾರಿ. ಇಡೀ ಮನೆಯವರು ಒಂದೇ ಪರದೆಯನ್ನು ಓದಿಗೂ ಆಟಕ್ಕೂ ಬಳಸುವಲ್ಲಿ ಐಪಿಎಸ್ ಬಗೆಯದೇ ಸೂಕ್ತವೆಂದು ನನ್ನ ಅಭಿಪ್ರಾಯ.

ಈಗ ಚಿತ್ರಗಾರನ ಕಡೆಗೆ ಬರೋಣ. ಆಟದೊಳಗಿನ ಬೆಟ್ಟ, ಮರ, ಮನುಷ್ಯರೆಲ್ಲ ಯಂತ್ರದ ಲೆಕ್ಕದಲ್ಲಿ ಸಣ್ಣ ತ್ರಿಕೋನಗಳ ರಾಶಿ. ಆಟಗಾರನು ಒಂದು ಹೆಜ್ಜೆ ಇಟ್ಟರೆ, ಅವನು ನಿಂತ ಎಡೆಯಿಂದ ಆ ತ್ರಿಕೋನಗಳ ಮೂಲೆಗಳೆಲ್ಲ ಎಲ್ಲಿ ಕಾಣಬೇಕೆಂದು ಲೆಕ್ಕ ಹಾಕಬೇಕು. ಬಳಿಕ ಬೆಳಕು ನೆರಳುಗಳನ್ನು ನೋಡಿ ಪ್ರತಿಯೊಂದು ಚುಕ್ಕೆಗೂ ಬಣ್ಣ ಹಚ್ಚಬೇಕು. ಫುಲ್ ಎಚ್‌ಡಿ ಪರದೆಯಲ್ಲಿ ಸೆಕೆಂಡಿಗೆ 60 ಚಿತ್ರಗಳೆಂದರೆ, ಒಂದು ಸೆಕೆಂಡಿನಲ್ಲಿ 12 ಕೋಟಿ 44 ಲಕ್ಷಕ್ಕೂ ಮಿಕ್ಕು ಚುಕ್ಕೆಗಳು. ಗಣಕಯಂತ್ರದ ಮುಖ್ಯ ಸಂಸ್ಕಾರಕವಾದ ಸಿಪಿಯು ಜಾಣನಾದ ಒಬ್ಬ ಒಕ್ಕಲಿಗನಂತೆ. ಕಷ್ಟದ ಕೆಲಸಗಳನ್ನು ಒಂದಾದ ಮೇಲೊಂದರಂತೆ ಮಾಡಬಲ್ಲದು. ಆದರೆ ಹತ್ತೆಕರೆ ಹೊಲದ ಕಳೆ ತೆಗೆಯಲು ಜಾಣತನ ಬೇಡ, ಕೈಗಳು ಬೇಕು. ಗ್ರಾಫಿಕ್ಸ್ ಕಾರ್ಡಿನಲ್ಲಿರುವುದು ಅಂಥ ಕೈಗಳು. 2023ರಲ್ಲಿ ಹೊರಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಎಂಬ ಮಧ್ಯಮ ದರ್ಜೆಯ ಕಾರ್ಡಿನಲ್ಲಿ ಇಂಥ 3072 ಕಿರುಘಟಕಗಳು ಸಾಲುಗಟ್ಟಿ ಏಕಕಾಲದಲ್ಲಿ ದುಡಿಯುತ್ತವೆ.

ಈ ಕೆಲಸಕ್ಕೆ ಜಿಪಿಯು ಎಂಬ ಹೆಸರು ಪ್ರಚಾರಕ್ಕೆ ಬಂದದ್ದು 1999ರಲ್ಲಿ, ಎನ್‌ವಿಡಿಯಾ ಸಂಸ್ಥೆಯ ಜೀಫೋರ್ಸ್ 256 ಎಂಬ ಕಾರ್ಡಿನೊಡನೆ. ಅದರ ಮುಖ್ಯ ಪ್ರತಿಸ್ಪರ್ಧಿಯಾದ ಎಎಂಡಿ, 2006ರಲ್ಲಿ ಎಟಿಐ ಸಂಸ್ಥೆಯನ್ನು ಕೊಂಡು ಈ ಕ್ಷೇತ್ರಕ್ಕೆ ಕಾಲಿಟ್ಟಿತು. ಇಂಟೆಲ್ ಸಂಸ್ಥೆಯ ‘ಆರ್ಕ್’ ಕಾರ್ಡುಗಳು 2022ರಲ್ಲಿ ಬಂದವು. ಈ ಯಂತ್ರಗಳ ಕೆಲಸ ಪೂರ್ತಿ ಪರದೇಶದ್ದೆಂದು ಭಾವಿಸಬೇಕಾಗಿಲ್ಲ. ಎನ್‌ವಿಡಿಯಾಕ್ಕೆ ಬೆಂಗಳೂರಿನಲ್ಲಿ ತಂತ್ರಜ್ಞರ ಕೇಂದ್ರವಿದೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದೂ ಬೆಂಗಳೂರಿನಲ್ಲಿಯೇ.

ಕಾರ್ಡನ್ನು ಆರಿಸುವಾಗ ಜನ ಮೋಸಹೋಗುವುದು ಮುಖ್ಯವಾಗಿ ಒಂದು ಸಂಖ್ಯೆಯಿಂದ. ಅದೇ ಸ್ಮೃತಿಯ ಗಾತ್ರ. ‘ನಾಲ್ಕು ಜಿಬಿ ಕಾರ್ಡು’ ಎಂದು ಹೇಳಿದರೆ ಅದರ ಶಕ್ತಿಯನ್ನು ಹೇಳಿದಂತಾಗಲಿಲ್ಲ. 2014ರ ಜಿಟಿ 730 ಎಂಬ ಕಾರ್ಡು 4 ಜಿಬಿ ಸ್ಮೃತಿಯೊಡನೆಯೂ ದೊರೆಯುತ್ತಿತ್ತು. 2019ರ ಜಿಟಿಎಕ್ಸ್ 1650ರಲ್ಲಿಯೂ 4 ಜಿಬಿಯೇ. ಆದರೆ ಮೊದಲನೆಯದರಲ್ಲಿ ದುಡಿಯುವ ಘಟಕಗಳು ಹೆಚ್ಚೆಂದರೆ 384, ಎರಡನೆಯದರಲ್ಲಿ 896; ಸ್ಮೃತಿಯಿಂದ ಮಾಹಿತಿ ಹರಿದುಬರುವ ವೇಗದಲ್ಲಿಯೂ ಎರಡಕ್ಕೂ ಹಲವು ಪಟ್ಟು ಅಂತರ. ಕಣಜ ಒಂದೇ ಅಳತೆಯದಾದರೂ ಬಾಗಿಲು ಕಿರಿದಾದರೆ ಕಾಳು ಹೊರಬರುವುದು ನಿಧಾನವಲ್ಲವೇ? ಹಾಗೆಂದು ಸ್ಮೃತಿ ನಗಣ್ಯವೆಂದಲ್ಲ. ಹೊಸ ಆಟಗಳ ಚಿತ್ರಸಾಮಗ್ರಿ ದೊಡ್ಡದು. ಫುಲ್ ಎಚ್‌ಡಿಯಲ್ಲಿಯೂ 8 ಜಿಬಿಗಿಂತ ಕಡಿಮೆಯಾದರೆ ಚಿತ್ರದ ಗುಣವನ್ನು ಇಳಿಸಿ ಆಡಬೇಕಾದೀತು.

ಹೆಸರಿನೊಳಗಿನ ಅಂಕಿಗಳನ್ನು ಓದುವ ಬಗೆಯೂ ತಿಳಿದಿರಲಿ. 4060 ಎಂಬಲ್ಲಿ 40 ಎಂಬುದು ತಲೆಮಾರು, 60 ಎಂಬುದು ಆ ತಲೆಮಾರಿನಲ್ಲಿ ಅದರ ದರ್ಜೆ. ತಲೆಮಾರು ಹೊಸದಾದ ಮಾತ್ರಕ್ಕೆ ಕೆಳದರ್ಜೆಯದು ಹಿಂದಿನ ತಲೆಮಾರಿನ ಮೇಲ್ದರ್ಜೆಯದನ್ನು ಮೀರಿಸಲೇಬೇಕೆಂಬ ನಿಯಮವಿಲ್ಲ.

ಇಲ್ಲಿ ನಾವು ಊಹಿಸಿಕೊಂಡ ಮನೆಗೆ ಮರಳಬೇಕು. ಅಲ್ಲಿರುವುದು ಕಚೇರಿಯ ಹಳೆಯ ಯಂತ್ರ. ಇಂಥ ಯಂತ್ರಗಳೊಳಗಿನ ವಿದ್ಯುತ್ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಸಣ್ಣದು. ಅನೇಕ ಕಾರ್ಡುಗಳಿಗೆ ಬೇಕಾದ ಪ್ರತ್ಯೇಕ ವಿದ್ಯುತ್ ತಂತಿ ಅದರಲ್ಲಿ ಇರುವುದೇ ಇಲ್ಲ. ಕಾರ್ಡನ್ನು ಕೂರಿಸುವ ಸ್ಥಾನದಿಂದ ದೊರೆಯುವುದು ಹೆಚ್ಚೆಂದರೆ 75 ವ್ಯಾಟ್. 4060 ಕಾರ್ಡು 115 ವ್ಯಾಟಿನದು. 2022ರ 4090 ಕಾರ್ಡಿಗೆ 450 ವ್ಯಾಟ್ ಬೇಕು. ಇದನ್ನು ನೋಡದೆ ಕೊಂಡವರು ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ಪೇಚಿಗೆ ಬೀಳುತ್ತಾರೆ. 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050ರಂಥ ಕಾರ್ಡು 70 ವ್ಯಾಟಿನಲ್ಲಿಯೇ ಕೆಲಸ ಮಾಡುತ್ತದೆ. ಯಂತ್ರದ ಡಬ್ಬಿ ತೆಳ್ಳಗಿನದಾದರೆ ಕಾರ್ಡಿನ ಎತ್ತರವನ್ನೂ ಅಳೆದು ನೋಡಬೇಕು. ಸಿಪಿಯು ತೀರ ಹಳೆಯದಾದಲ್ಲಿ, ಬಲವಾದ ಕಾರ್ಡು ಕೆಲಸವಿಲ್ಲದೆ ಅದರ ದಾರಿ ಕಾಯುತ್ತ ಕೂರುವುದೂ ಉಂಟು.

ಕಪ್ಪುನೆಲದ ಸೀಮೆಯ ಧೂಳನ್ನೂ 40 ಡಿಗ್ರಿಯ ಸಮೀಪಕ್ಕೆ ಏರುವ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾರ್ಡಿನ ಬಿಸಿ ಸುಮಾರು 80 ಡಿಗ್ರಿಯನ್ನು ದಾಟಿ ಮಿತಿ ಮುಟ್ಟಿದಾಗ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕೊಟ್ಟ ಹಣದ ಒಂದು ಪಾಲು ಬಿಸಿಯಲ್ಲಿಯೇ ಕರಗಿಹೋಗುತ್ತದೆ. ಫ್ಯಾನಿಗೆ ಕೂತ ಧೂಳನ್ನು ಆಗಾಗ ತೆಗೆಯುವುದೂ, ಗಾಳಿಯಾಡುವೆಡೆ ಯಂತ್ರವನ್ನಿಡುವುದೂ ಇದಕ್ಕೆ ಪರಿಹಾರ. ಗಾಳಿಮಳೆಯಲ್ಲಿ ವಿದ್ಯುತ್ತು ಹೋಗಿಬರುವ ಕಡೆ ಯುಪಿಎಸ್ ಇಲ್ಲದೆ ಆಡುವುದು ಸರಿಯಲ್ಲ. ಎಲ್ಲ ಸೇರಿ 250 ವ್ಯಾಟ್ ಎಳೆಯುವ ಯಂತ್ರದಲ್ಲಿ ದಿನಕ್ಕೆ ಎರಡು ಗಂಟೆ ಆಡಿದರೆ ತಿಂಗಳಿಗೆ 15 ಯೂನಿಟ್ ಆಗುತ್ತದೆ. ಬಿಲ್ಲು ಕಟ್ಟುವವರಿಗೆ ಇದನ್ನು ಮೊದಲೇ ತಿಳಿಸಿರುವುದು ಮೇಲು.

ಹಾಗಾದರೆ ಹಣವನ್ನು ಹೇಗೆ ಹಂಚಬೇಕು? ಸೆಕೆಂಡಿಗೆ 150 ಚಿತ್ರ ಬರೆಯುವ ಕಾರ್ಡನ್ನು 60 ಹರ್ಟ್ಸಿನ ಪರದೆಗೆ ಜೋಡಿಸಿದರೆ 90 ಚಿತ್ರಗಳು ಯಾರ ಕಣ್ಣಿಗೂ ಬೀಳದೆ ಹೋಗುತ್ತವೆ. 4ಕೆ ಪರದೆಗೆ ಸಣ್ಣ ಕಾರ್ಡನ್ನು ಜೋಡಿಸಿದರೆ ಚಿತ್ರ ತಡವರಿಸುತ್ತದೆ. ಎರಡರ ವೇಗ ಹೊಂದದಿದ್ದಾಗ ಒಂದು ಚಿತ್ರದ ಮೇಲ್ಭಾಗವೂ ಮತ್ತೊಂದರ ಕೆಳಭಾಗವೂ ಒಟ್ಟಿಗೆ ಕಂಡು ದೃಶ್ಯ ಹರಿದಂತಾಗುವುದುಂಟು. ಕಾರ್ಡಿನ ಗತಿಗೆ ಪರದೆಯೇ ಹೆಜ್ಜೆ ಹಾಕುವಂತೆ ಮಾಡಿ ಈ ದೋಷವನ್ನು ನಿವಾರಿಸುವ ಉಪಾಯವನ್ನು 2013ರಲ್ಲಿ ಎನ್‌ವಿಡಿಯಾ ‘ಜಿ-ಸಿಂಕ್’ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಎಎಂಡಿಯ ‘ಫ್ರೀಸಿಂಕ್’ ಇರುವ ಮಾನಿಟರುಗಳು 2015ರಲ್ಲಿ ಬಂದವು. ಅಗ್ಗದ ಮಾನಿಟರುಗಳಲ್ಲಿಯೂ ಈಗ ಈ ಸೌಕರ್ಯ ಸಿಗುವುದರಿಂದ ಅದಿಲ್ಲದುದನ್ನು ಕೊಳ್ಳಬೇಕಾದ ಕಾರಣವಿಲ್ಲ. ನಾಲ್ಕೈದು ವರ್ಷಗಳಲ್ಲಿ ಕಾರ್ಡು ಹೊಸ ಆಟಗಳಿಗೆ ಸಾಲದಾಗುತ್ತದೆ. ಒಳ್ಳೆಯ ಮಾನಿಟರು ಹತ್ತು ವರ್ಷ ಬಾಳಬಲ್ಲದು, ಅಕ್ಕನ ಓದಿಗೂ ತಂದೆಯ ಲೆಕ್ಕಪತ್ರಕ್ಕೂ ಒದಗಬಲ್ಲದು. ಇದೇ ಕಾರಣದಿಂದ, 24 ಅಂಗುಲದ, ಫುಲ್ ಎಚ್‌ಡಿಯ, 144 ಹರ್ಟ್ಸಿನ ಐಪಿಎಸ್ ಪರದೆಯನ್ನು ಮೊದಲು ಗೊತ್ತುಮಾಡಿ, ಹಳೆಯ ಯಂತ್ರ ತಾಳುವಂಥ ಕಾರ್ಡನ್ನು ಅದಕ್ಕೆ ಸೇರಿಸುವುದೇ ಆ ಮನೆಗೆ ಉಚಿತವೆಂದು ತೋರುತ್ತದೆ. ಚಿಕ್ಕ ಕಾರ್ಡು ಎಲ್ಲ ಆಟಗಳಲ್ಲಿಯೂ 144 ಚಿತ್ರಗಳನ್ನು ಬರೆಯಲಾರದು. ಮುಂದೊಮ್ಮೆ ಕಾರ್ಡನ್ನು ಬದಲಿಸಿದಾಗ ಪರದೆ ಸಿದ್ಧವಾಗಿರುತ್ತದೆ.

ಬಳಸಿದ ಕಾರ್ಡು ಅಗ್ಗವಾಗಿ ಸಿಗುವುದುಂಟು. ಈಥೀರಿಯಂ ಎಂಬ ಗುಪ್ತಲಿಪಿಯ ನಾಣ್ಯವನ್ನು ಗಳಿಸಲು ಜಗತ್ತಿನಾದ್ಯಂತ ಜನರು ಹಗಲಿರುಳು ಕಾರ್ಡುಗಳನ್ನು ದುಡಿಸಿದ್ದರು. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯದ ವ್ಯವಸ್ಥೆ ಬದಲಾದಾಗ ಅವುಗಳಲ್ಲಿ ಎಷ್ಟೋ ಪೇಟೆಗೆ ಬಂದವು. ಕಣ್ಣಮುಂದೆ ಅರ್ಧ ಗಂಟೆಯಾದರೂ ಆಟ ನಡೆಸಿ ತೋರಿಸದ ಹೊರತು ಅಂಥದನ್ನು ಕೊಳ್ಳಬಾರದು.

ಎಲ್ಲವನ್ನೂ ಸರಿಯಾಗಿ ಕೊಂಡವರೂ ಜೋಡಿಸುವಾಗ ಎಡವುತ್ತಾರೆ. ಯಂತ್ರದ ಹಿಂಬದಿಯಲ್ಲಿ ಮಾನಿಟರಿನ ತಂತಿಗೆ ಎರಡು ಎಡೆಗಳಲ್ಲಿ ಕಿಂಡಿಗಳಿರುತ್ತವೆ: ಮೇಲೆ ಮದರ್‌ಬೋರ್ಡಿನದು, ಕೆಳಗೆ ಕಾರ್ಡಿನದು. ಹಳೆಯ ರೂಢಿಯಂತೆ ಮೇಲಿನದಕ್ಕೆ ಚುಚ್ಚಿದರೆ ಹೊಸ ಕಾರ್ಡು ಸುಮ್ಮನೆ ಕುಳಿತಿರುತ್ತದೆ. ತಂತಿಯನ್ನು ಕಾರ್ಡಿನ ಕಿಂಡಿಗೇ ಸೇರಿಸಬೇಕು. ಅಷ್ಟಾದರೂ ಯಂತ್ರವು ಅನೇಕ ವೇಳೆ ಪರದೆಯನ್ನು 60 ಹರ್ಟ್ಸಿನಲ್ಲಿಯೇ ನಡೆಸುತ್ತಿರುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸನ್ನು ತೆರೆದು 144 ಎಂಬುದನ್ನು ಆರಿಸಬೇಕು. ಆಮೇಲೆ ಮೌಸಿನ ಬಾಣವನ್ನು ಪರದೆಯ ಮೇಲೆ ಒಂದು ಸುತ್ತು ಓಡಿಸಿದರೆ ವ್ಯತ್ಯಾಸ ತಂದೆಯವರ ಕಣ್ಣಿಗೂ ಕಾಣುತ್ತದೆ.